ಅಪ್‌ಡೇಟ್: ಚೆಂಡು ಬಡಿದಿದ್ದ ಮಗನ ಕಣ್ಣು ಈಗ ಹೇಗಿದೆ
ಟೆನಿಸ್ ಚೆಂಡು ಬಡಿದು ಕೆಂಪಾದ ಮಗನ ಕಣ್ಣಿಗೆ ಮನೆಯಲ್ಲಿ ಉಳಿದಿದ್ದ ಸ್ಟೀರಾಯ್ಡ್ ಹನಿ ಹಾಕಬಹುದೇ ಎಂದು ಕೇಳಿದ್ದೆ. ಬೇಡ, ಮೊದಲು ವೈದ್ಯರಿಗೆ ತೋರಿಸಿ ಎಂದು ಗದರಿದವರಿಗೆಲ್ಲ ಕೈಮುಗಿಯುತ್ತೇನೆ. ವೈದ್ಯರು ನೋಡಿದಾಗ ಕಣ್ಣಿನೊಳಗೆ, ಕಪ್ಪುಗುಡ್ಡೆಯ ಕೆಳಭಾಗದಲ್ಲಿ ಉಗುರಿನ ಅಂಚಿನಷ್ಟು ರಕ್ತ ನಿಂತಿತ್ತು, ಒಳಗೆ ಉರಿಯೂತವೂ ಇತ್ತು. ಕಣ್ಣುಗುಡ್ಡೆ ಒಡೆದಿಲ್ಲ, ಕಾರ್ನಿಯಾಕ್ಕೆ (ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ) ಗಾಯವಾಗಿಲ್ಲ ಎಂದು ಖಚಿತವಾದ ಮೇಲೆಯೇ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಹನಿ ಬರೆದುಕೊಟ್ಟರು, ಜೊತೆಗೆ ಪಾಪೆ ಹಿಗ್ಗಿಸುವ ಹೋಮಾಟ್ರೋಪಿನ್. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ; ಆಸ್ಪಿರಿನ್ ಕೊಟ್ಟರೆ ಮತ್ತೆ ರಕ್ತ ಸುರಿಯಬಹುದಂತೆ. ಎರಡು ದಿಂಬಿಟ್ಟು, ತಲೆ ಎತ್ತರಿಸಿ ಮಲಗಿಸಿದೆವು. ಐದನೆಯ ದಿನಕ್ಕೆ ರಕ್ತ ಕರಗಿತು. ಹನಿಯನ್ನು ಥಟ್ಟನೆ ನಿಲ್ಲಿಸದೆ ಹಂತಹಂತವಾಗಿ ಇಳಿಸುತ್ತಿದ್ದೇವೆ. ಸ್ಟೀರಾಯ್ಡಿನಿಂದ ಕಣ್ಣಿನ ಒತ್ತಡ ಏರಬಹುದು ಎಂದು ಪ್ರತಿ ಭೇಟಿಯಲ್ಲೂ ಅಳೆಯುತ್ತಾರೆ. ಮೊನ್ನೆ 16 ಇತ್ತು, ಅಂದರೆ ಸಹಜ ಮಟ್ಟ. ಆ ಹಳೆಯ ಬಾಟಲಿಯೇ? ಅಜ್ಜನ ಪೊರೆ ಶಸ್ತ್ರಚಿಕಿತ್ಸೆಯ ಕಾಲದ್ದು, ತೆರೆದು ಏಳು ತಿಂಗಳಾಗಿತ್ತು. ಕಸಕ್ಕೆ ಹಾಕಿದೆ.