ಮಕ್ಕಳು ಬೇಡ ಅಂದುಕೊಂಡ ಮೇಲೆ ನಿಮ್ಮ ಮನಸ್ಸು ಬದಲಾದದ್ದುಂಟಾ?

ಕೇಳಿದವರು, ಬದಿಯಡ್ಕದಿಂದ:
ನನಗೆ 32. ಮಕ್ಕಳು ಬೇಡ ಎಂದು ಮದುವೆಗೆ ಮೊದಲೇ ಇಬ್ಬರೂ ಮಾತಾಡಿಕೊಂಡಿದ್ದೆವು. ಈಗ ಇವರಿಗೆ ಬೇಕು ಅನಿಸತೊಡಗಿದೆ. ನನಗೆ ಒಂದು ದಿನ ಬೇಕು, ಇನ್ನೊಂದು ದಿನ ಬೇಡ. ನೀವೆಲ್ಲ ಹೇಗೆ ತೀರ್ಮಾನಕ್ಕೆ ಬಂದಿರಿ?

ಎಣ್ಮಕಜೆಯಿಂದ:
ತಂಗೀ, ನಾನು ಮದುವೆಯಾಗಿ ಈ ಊರಿಗೆ ಬಂದಾಗ ಮೇಲಿನ ಗೇರುಗುಡ್ಡಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಬಿಡುತ್ತಿದ್ದರು. ನಾವು ಕುಡಿಯುತ್ತಿದ್ದದ್ದು ಅದೇ ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗದಿಂದ ಬರುವ ನೀರು. ಪಕ್ಕದ ಮನೆಯಲ್ಲಿ ಕತ್ತು ನಿಲ್ಲದ ಮಗು. ಅದರ ಅಮ್ಮ ಗಂಜಿಯನ್ನು ಬೆರಳಲ್ಲೇ ನುರಿದು ಬಾಯಿಗಿಟ್ಟು, ಗಂಟಲಿಗೆ ಇಳಿಯುವವರೆಗೂ ಗಲ್ಲ ಹಿಡಿದು ಕೂರುತ್ತಿದ್ದರು. ದಿನಾ ಅದನ್ನು ನೋಡಿ, ನಮಗೆ ಮಕ್ಕಳೇ ಬೇಡ ಎಂದು ಗಂಡನಿಗೆ ಹೇಳಿಬಿಟ್ಟೆ. ಅವರೂ ಒಪ್ಪಿದರು. ಅತ್ತೆ ತುಂಬಾ ನೊಂದುಕೊಂಡರು, ಒತ್ತಾಯ ಮಾತ್ರ ಮಾಡಲಿಲ್ಲ. ಆ ಉಪಕಾರ ಮರೆಯುವಂಥದ್ದಲ್ಲ. 2000ದಲ್ಲಿ ಸಿಂಪಡಣೆ ನಿಂತಿತು. ಹೆದರಿಕೆ ಹೋಗಲಿಕ್ಕೆ ಮತ್ತೂ ವರ್ಷಗಳು ಹಿಡಿದವು. ಆಮೇಲೆ ಮಗಳು ಹುಟ್ಟಿದಳು. ಮಗುವಿನ ಆಸೆ ನನಗೆ ಮೊದಲಿನಿಂದಲೂ ಇತ್ತು, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ನೀವಿಬ್ಬರೂ ಆಗ ಬೇಡ ಎಂದದ್ದು ಯಾಕೆ, ಆ ಕಾರಣ ಈಗಲೂ ಇದೆಯಾ, ಅದನ್ನು ಮೊದಲು ಮಾತಾಡಿ.

ಮಂಜೇಶ್ವರದಿಂದ:
ನಮ್ಮದು ಉಲ್ಟಾ. ಎರಡು ಬೇಕು ಎಂದಿದ್ದೆವು. 2020ರ ಮಾರ್ಚಿನಲ್ಲಿ ಹೆಂಡತಿಗೆ ದಿನ ತುಂಬಿತ್ತು, ಕೊರೊನಾ ಎಂದು ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿತು. ಒಳರಸ್ತೆಗಳಿಗೂ ಮಣ್ಣು ಸುರಿದಿದ್ದರು. ತೋರಿಸುತ್ತಿದ್ದ ಡಾಕ್ಟರು ಮಂಗಳೂರಿನಲ್ಲಿ, ನಾವು ನೋವು ಶುರುವಾದ ಮೇಲೆ ಕಾಸರಗೋಡಿನ ಕಡೆ ಓಡಿದೆವು. ಮಗ ಚೆನ್ನಾಗಿದ್ದಾನೆ. ಆದರೆ ಇನ್ನೊಂದು ಬೇಡ ಎಂದಳು. ಹೆರುವವಳು ಅವಳು, ಅವಳ ಮಾತೇ ನಡೆಯಬೇಕು. ನಿಮ್ಮಲ್ಲೂ ಅಷ್ಟೇ ಅಂತ ನನಗನಿಸುತ್ತದೆ.

ಮುಳ್ಳೇರಿಯದಿಂದ, ನರ್ಸ್:
ವಯಸ್ಸಿನ ಮಾತನ್ನೂ ಹೇಳಲೇಬೇಕು. 35ರ ನಂತರ ಅಂಡಾಣುಗಳ ಸಂಖ್ಯೆ, ಗುಣ ಎರಡೂ ಬೇಗ ಇಳಿಯುತ್ತವೆ. ಎಎಂಎಚ್ ರಕ್ತಪರೀಕ್ಷೆ ಎಷ್ಟು ಉಳಿದಿವೆ ಎಂಬ ಅಂದಾಜು ಕೊಡುತ್ತದೆ. ತಾನಾಗಿ ಗರ್ಭ ನಿಲ್ಲುತ್ತದಾ ಇಲ್ಲವಾ ಎಂದು ಅದರಿಂದ ಗೊತ್ತಾಗುವುದಿಲ್ಲ, ಸುಮ್ನೆ ಗಾಬರಿಯಾಗಬೇಡಿ. ನಿಮಗೆ 32 ಅಲ್ವಾ, ಯೋಚಿಸಲು ಸ್ವಲ್ಪ ಸಮಯ ಇದೆ. ಬೇಕು ಎಂದಾದರೆ ಒಂದೆರಡು ತಿಂಗಳು ಮೊದಲೇ ಡಾಕ್ಟರನ್ನು ಕೇಳಿ ಫೋಲಿಕ್ ಆಸಿಡ್ ಶುರು ಮಾಡಿ, ಶುಗರ್, ಥೈರಾಯ್ಡ್ ನೋಡಿಸಿ. ಬೇಡ ಎಂದಾದರೂ ಆಪರೇಷನ್‌ಗೆ ಅವಸರ ಬೇಡ. ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ 380ಎ 10 ವರ್ಷ ಇರುತ್ತದೆ, ಮನಸ್ಸು ಬದಲಾದ ದಿನ ತೆಗೆಸಬಹುದು.