‘ಅಮಲಿನಲ್ಲಿ’ ಸಾಕಾ, ‘ಕುಡಿದು’ ಅನ್ನಲೇಬೇಕಾ?

ಗೆಳೆಯರೇ, ಕೋಲಾರದ ಟೊಮೆಟೊ ಮಂಡಿಯಿಂದ ರಾತ್ರಿ ಲೋಡ್ ಹೊಡೆಯುವ ಚಾಲಕರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ವಿಷಯ, ಮೋಟಾರು ವಾಹನ ಕಾಯ್ದೆಯ 185ನೇ ಕಲಂ, ಅಂದರೆ ಕುಡಿದೋ ಗಾಂಜಾದಂಥದ್ದು ತಗೊಂಡೋ ಗಾಡಿ ಓಡಿಸುವುದು. ಮೊದಲ ಸಾಲಿಗೇ ಪದ ಸಿಗುತ್ತಿಲ್ಲ.

‘ಅಮಲಿನಲ್ಲಿ ಗಾಡಿ ಓಡಿಸಬೇಡಿ’ ಅಂತ ಬರೆದು ಒಬ್ಬ ಟೆಂಪೊ ಚಾಲಕರಿಗೆ ತೋರಿಸಿದೆ. ಬಾಕ್ಸುಗಳಿಗೆ ಹಗ್ಗ ಬಿಗಿಯುತ್ತಲೇ ಓದಿದರು. “ಇದು ನಮಗಲ್ಲ ಬಿಡಣ್ಣ. ಒಂದು ನೈಂಟಿಗೆಲ್ಲಾ ಅಮಲು ಎಲ್ಲಿ ಏರುತ್ತೆ?” ಅಂದರು. ತೊಡಕು ಇರುವುದೇ ಇಲ್ಲಿ. ಮದ್ಯದ ವಿಷಯದಲ್ಲಿ ಅಮಲು ಏರಿತಾ ಇಲ್ವಾ ಅಂತ ಕಾನೂನು ಕೇಳುವುದೇ ಇಲ್ಲ. ಪೊಲೀಸರು ಯಂತ್ರಕ್ಕೆ ಊದಿಸಿದಾಗ ಮದ್ಯಸಾರ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ದಾಟಿತು ಅಂತ ಬಂದರೆ ಮುಗೀತು. ನೆಟ್ಟಗೆ ನಿಂತು ಮಾತಾಡಿದರೂ ಕೇಸೇ.

ಸರಿ, ‘ಕುಡಿದು’ ಅನ್ನೋಣ ಅಂದ್ರೆ ಗಾಂಜಾ ಹೊರಗುಳಿಯುತ್ತದೆ. ಅದೂ ಇದೇ ಕಲಮಿನಲ್ಲಿದೆ. ಆದರೆ ಅಲ್ಲಿ ಮಿಲಿಗ್ರಾಂ ಲೆಕ್ಕ ಹೇಳಿಲ್ಲ. ಗಾಡಿಯನ್ನು ಸರಿಯಾಗಿ ಹಿಡಿತದಲ್ಲಿಟ್ಟುಕೊಳ್ಳಲು ಆಗದಷ್ಟು ಏರಿರಬೇಕು. ಆ ಅರ್ಧಕ್ಕೆ ‘ಅಮಲು’ ಚೆನ್ನಾಗಿ ಕೂರುತ್ತದೆ, ಮೊದಲರ್ಧಕ್ಕೆ ಕೂರುವುದಿಲ್ಲ. ‘ಮತ್ತು’ ನನಗಿಷ್ಟದ ಪದ, ತೆಲುಗು ಮನೆಮಾತಿನವರಿಗೂ ಗೊತ್ತು. ಆದರೆ ‘ಮದ್ಯ, ಗಾಂಜಾ ಮತ್ತು’ ಅಂತ ಸಾಲು ಮುಗಿಸಿದರೆ ಮುಂದಿನ ಪುಟ ತಿರುಗಿಸ್ತಾರೆ, ಅಲ್ವಾ? ‘ಮಂಪರು’ ನಿದ್ದೆಯ ಕಡೆ ವಾಲುತ್ತದೆ. ‘ನಶೆ’ ಹುಡುಗರ ಬಾಯಲ್ಲಿದೆ, ವಯಸ್ಸಾದ ಚಾಲಕರು ಹಾಗೆ ಹೇಳುವುದನ್ನು ನಾನಂತೂ ಕೇಳಿಲ್ಲ.

ಇನ್ನೊಂದು, ‘ದಂಡ’. ಈ ಪದ ಕಂಡ ತಕ್ಷಣ ರಸ್ತೆಯಲ್ಲೇ ಕಟ್ಟಿ ರಸೀದಿ ತಗೊಂಡು ಹೋಗಬಹುದು ಅನ್ನಿಸುತ್ತದೆ. ಈ ಕೇಸಿನಲ್ಲಿ ಹಾಗಾಗಲ್ಲ. ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಬಹುದಾದ ಅಪರಾಧಗಳ ಪಟ್ಟಿಯಲ್ಲಿ 185 ಇಲ್ಲ, ಕೋರ್ಟಿಗೇ ಹೋಗಬೇಕು. 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲ ಸಿಕ್ಕಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 15,000 ರೂಪಾಯಿ ದಂಡ, ಇಲ್ಲವೇ ಎರಡೂ. ‘ವರೆಗೆ’ ಅನ್ನುವುದು ಜೈಲಿಗೆ ಮಾತ್ರ. ಪತ್ರಿಕೆಗಳಲ್ಲಿ ಸುಮ್ನೆ ಎರಡಕ್ಕೂ ಸೇರಿಸಿಬಿಡುತ್ತಾರೆ. ಅದಕ್ಕೇ ‘ದಂಡ’ ಬಿಟ್ಟು ‘ಶಿಕ್ಷೆ’ ಅಂತ ತಲೆಬರಹ ಕೊಡೋಣ ಅಂದುಕೊಂಡಿದ್ದೇನೆ.

‘ಊದು’ ಮಾತ್ರ ಹಾಗೇ ಇರಲಿ. ‘ಉಸಿರಾಟ ಪರೀಕ್ಷೆ’ ಅಂದರೆ ದಮ್ಮಿನ ಕಾಯಿಲೆಗೆ ಆಸ್ಪತ್ರೆಯಲ್ಲಿ ಮಾಡಿಸೋದು ಅಂದುಕೊಳ್ಳುತ್ತಾರೆ. ಊದಲ್ಲ ಅಂತ ಹಟ ಹಿಡಿದರೂ, ಕುಡಿದಿದ್ದಾನೆ ಅನ್ನಲು ಕಾರಣ ಕಂಡರೆ ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು. ಅದನ್ನೂ ಒಂದು ಸಾಲು ಹಾಕುತ್ತೇನೆ.

ಸದ್ಯಕ್ಕೆ ಬರೆದಿರುವುದು ಇಷ್ಟು: ‘ಕುಡಿದು ಸ್ಟೇರಿಂಗ್ ಹಿಡಿಯಬೇಡಿ, ಅಮಲು ಏರದಿದ್ದರೂ ಕೇಸು. ಗಾಂಜಾ, ಮಾತ್ರೆಯ ನಶೆಗೂ ಇದೇ ಶಿಕ್ಷೆ.’ ಎರಡನೇ ಸಾಲಿನ ‘ನಶೆ’ಗೆ ಬದಲು ನಿಮ್ಮ ಕಡೆ ಏನಂತಾರೆ? ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರು ಯಾರಾದರೂ ಹೇಳಿದರೆ ಅದನ್ನೇ ಹಾಕುತ್ತೇನೆ.