ಪದ ಬೇಕು: ರಟ್ಟಿನೊಳಗಿನ 'ಫ್ಲೂಟ್', ಮತ್ತೆ 'ಡಿಜಿಟಲ್ ಫ್ಯಾಬ್ರಿಕೇಷನ್'

ಎಲ್ಲರಿಗೂ ನಮಸ್ಕಾರ.

ರಟ್ಟು, ಕಾಗದಗಳಲ್ಲಿ ಕಟ್ಟುವ ಪುಟ್ಟ ಕಟ್ಟಡಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ಗಾಡಿ ನಿಂತಿದೆ. ಮೊದಲನೆಯದಕ್ಕೆ ಆಗಲೇ ದಂಡವನ್ನೂ ತೆತ್ತಿದ್ದೇನೆ.

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಬೀದಿಯ ಮಕ್ಕಳಿಗೆ ಒಳಗೆ ಕೂತು ಓದುವಂಥ ಗೂಡೊಂದನ್ನು ಮಾಡಲು ಹೊರಟೆವು. ಐದು ಪ್ಲೈ ರಟ್ಟು, ಅಂದರೆ ಮೂರು ಚಪ್ಪಟೆ ಹಾಳೆ, ನಡುನಡುವೆ ಎರಡು ಅಲೆಅಲೆಯಾದ ಹಾಳೆ. ಕಂಪ್ಯೂಟರಿನಲ್ಲಿ ನಕ್ಷೆ ಬರೆದು ಕಟಿಂಗ್ ಅಂಗಡಿಗೆ ಕೊಟ್ಟು, "ಕಾಲಿನ ತುಂಡುಗಳನ್ನೆಲ್ಲ ಉದ್ದಕ್ಕೆ ಕೊಯ್ಯಿರಿ" ಅಂತ ಹೇಳಿ ಬಂದೆ. ತುಂಡುಗಳು ಮುದ್ದಾಗಿ ಬಂದವು, ಕಚ್ಚಿಗೆ ಕಚ್ಚು ಸರಿಯಾಗಿ ಕೂತಿತು. ಮೇಲೆ ಅಂಗೈ ಊರಿದೆ ನೋಡಿ, ಕಾಲುಗಳು ಮಂಡಿ ಮಡಚಿದ ಹಾಗೆ ಕುಸಿದವು. ರಟ್ಟಿನ ಸಣ್ಣ ಸಣ್ಣ ತೂತುಗಳು ತಲೆ ಮತ್ತು ಬುಡದಲ್ಲಿ ಕಾಣಬೇಕಿತ್ತು, ಪಕ್ಕದ ಅಂಚಿನಲ್ಲಿ ಕಾಣುತ್ತಿದ್ದವು. ಅಲೆಗಳು ನಿಂತಿರಲಿಲ್ಲ, ಮಲಗಿದ್ದವು. ಹೋಗಿ ಕೇಳಿದರೆ ಅಂಗಡಿಯ ಹುಡುಗ, "ಉದ್ದ ಅಂದ್ರೆ ಶೀಟಿನ ಉದ್ದ ಅಲ್ವಾ ಸಾರ್?" ಅಂದ. ಅವನ ತಪ್ಪೇನೂ ಇಲ್ಲ. ನಾನು ಹೇಳಬೇಕಿದ್ದದ್ದು ಅಲೆ ಹರಿಯುವ ದಿಕ್ಕನ್ನು, ಅದಕ್ಕೆ ನನ್ನ ಬಾಯಲ್ಲಿ ಪದವೇ ಇರಲಿಲ್ಲ.

ಪೆಟ್ಟಿಗೆ ಮಾಡುವವರು ಈ ಅಲೆಯನ್ನು 'ಫ್ಲೂಟ್' ಅನ್ನುತ್ತಾರೆ. ದಯವಿಟ್ಟು ಯಾರೂ ಕೊಳಲು ಅನ್ನಬೇಡಿ, ಕೈಮುಗಿಯುತ್ತೇನೆ. ನನಗೆ ಹೊಳೆದದ್ದು 'ಸಾಲು', ನೇಗಿಲ ಸಾಲಿನ ಸಾಲು. "ಸಾಲು ನಿಂತಿರಲಿ", "ಸಾಲಿಗೆ ಅಡ್ಡ ಕೊಯ್ಯಬೇಡಿ" ಅಂದಿದ್ದರೆ ಆ ಹುಡುಗನಿಗೂ ತಿಳಿಯುತ್ತಿತ್ತು. ಆದರೆ ಸಾಲು ಅನ್ನುವುದು ಕನ್ನಡದಲ್ಲಿ ಆಗಲೇ ಹತ್ತು ಕೆಲಸ ಮಾಡುತ್ತಿರುವ ಪದ. ಇದನ್ನೂ ಅದರ ತಲೆಗೆ ಕಟ್ಟಬಹುದೇ?

ಇಡೀ ರಟ್ಟಿಗೆ 'ಸುಕ್ಕುಗಟ್ಟಿದ ರಟ್ಟು' ಅಂದರೆ ಮಳೆಯಲ್ಲಿ ನೆನೆದು ಕೆಟ್ಟದ್ದು ಕಣ್ಣಿಗೆ ಬರುತ್ತದೆ. 'ನಿರಿಗೆರಟ್ಟು' ನನಗೆ ಇಷ್ಟ. ನನ್ನ ಹೆಂಡತಿ ಒಪ್ಪುತ್ತಿಲ್ಲ. ಸೀರೆಯ ನಿರಿಗೆ ಒಂದರ ಮೇಲೊಂದು ಕೂರುತ್ತದೆ, ಇದರಲ್ಲಿ ಒಂದರ ಪಕ್ಕ ಒಂದು ನಿಂತಿದೆಯಲ್ಲ ಅನ್ನುತ್ತಾಳೆ. ಉಟ್ಟವರ ಮಾತು, ಎದುರಾಡುವುದು ಕಷ್ಟ.

ಸುತ್ತಿ ಮಾಡಿದ ಕೊಳವೆಯನ್ನೂ ರಟ್ಟು ಅನ್ನಬಹುದೇ ಅಂತ ಇನ್ನೊಂದು ಗೊಂದಲವಿತ್ತು, ಅದನ್ನು ನಾನೇ ಬಗೆಹರಿಸಿಕೊಂಡೆ. ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ 1995ರ ಕೋಬೆ ಭೂಕಂಪದ ನಂತರ ಬಿಯರ್ ಕ್ರೇಟುಗಳಿಗೆ ಮರಳುಚೀಲ ತುಂಬಿ ತಳಪಾಯ ಮಾಡಿ, ಅದರ ಮೇಲೆ ಕಾಗದದ ಕೊಳವೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಗೋಡೆ ಕಟ್ಟಿದರು. 2001ರ ಭೂಕಂಪದ ನಂತರ ಗುಜರಾತಿನ ಭುಜ್‌ಗೆ ಬಂದಾಗ ಕ್ರೇಟಿನ ಬದಲು ಬಿದ್ದ ಮನೆಗಳ ಕಲ್ಲುಮಣ್ಣೇ ತಳಪಾಯ, ಮೇಲೆ ಬಿದಿರಿನ ಮಾಡು. ಈ ಕೊಳವೆ ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿರುತ್ತಾರಲ್ಲ, ಆ ಜಾತಿಯದು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2013ರಲ್ಲಿ ಅವರೇ ಇಂಥ ಕೊಳವೆ ಬಳಸಿ ಕಟ್ಟಿದ ಚರ್ಚಿಗೆ ಇಂಗ್ಲಿಷಿನವರು ಸಲೀಸಾಗಿ 'ಕಾರ್ಡ್‌ಬೋರ್ಡ್ ಕೆಥೆಡ್ರಲ್' ಅಂದುಬಿಟ್ಟರು. ನಾವು 'ರಟ್ಟಿನ ಚರ್ಚು' ಅಂದರೆ ಓದುವವರು ಯಾರೋ ಫ್ರಿಜ್ಜಿನ ಡಬ್ಬ ಬಿಡಿಸಿ ಕಟ್ಟಿದ್ದು ಅಂದುಕೊಳ್ಳುತ್ತಾರೆ. ಕನ್ನಡದ ರಟ್ಟು ಚಪ್ಪಟೆಯಾಗಿಯೇ ಇರುತ್ತದೆ, ಸುತ್ತಿದರೆ ಅದರ ಹೆಸರು ಹೋಗುತ್ತದೆ. ಹಾಗಾಗಿ 'ಕಾಗದದ ಕೊಳವೆ' ಅಂತಲೇ ಬರೆದಿದ್ದೇನೆ.

ಇನ್ನು ಎರಡನೆಯ ಪದ. ನಮ್ಮ ಕಡೆ ಫ್ಯಾಬ್ರಿಕೇಷನ್ ಅಂದರೆ ಗೇಟು, ಗ್ರಿಲ್ಲು, ರಸ್ತೆಗೆ ಹಾರುವ ವೆಲ್ಡಿಂಗ್ ಕಿಡಿ. ಡಿಜಿಟಲ್ ಅಂದರೆ ಫ್ಲೆಕ್ಸ್ ಬ್ಯಾನರ್. ಎರಡನ್ನೂ ಕೂಡಿಸಿದರೆ ಲೈಟು ಹಾಕಿದ ಗೇಟು ಅನ್ನುವ ಅರ್ಥ ಹೊರಟೀತು. 'ಅಂಕೀಯ ನಿರ್ಮಾಣ' ಅಂದರೆ ಪರೀಕ್ಷೆಯ ಅಂಕಗಳು ನೆನಪಾಗುತ್ತವೆ. ಅಸಲು ಸಂಗತಿ ಸರಳ. ಬಡಗಿ ಅಳತೆ ಹಿಡಿದು, ಪೆನ್ಸಿಲಿನಲ್ಲಿ ಗುರುತು ಹಾಕಿ, ಆಮೇಲೆ ಕೊಯ್ಯುತ್ತಾರೆ. ಇಲ್ಲಿ ಗುರುತು ಹಾಕುವ ಕೆಲಸವೇ ಇಲ್ಲ, ಕಂಪ್ಯೂಟರಿನ ನಕ್ಷೆಯ ಗೆರೆಯೇ ಯಂತ್ರದ ಅಲಗು ಓಡುವ ದಾರಿ. ಅದಕ್ಕೆ 'ನಕ್ಷೆಗೊಯ್ತ' ಅಂತ ಒಂದು ಪದ ಕಟ್ಟಿದೆ. ಆದರೆ 3ಡಿ ಪ್ರಿಂಟರು ಏನನ್ನೂ ಕೊಯ್ಯುವುದಿಲ್ಲವಲ್ಲ, ಪದರದ ಮೇಲೆ ಪದರ ಹೊಯ್ಯುತ್ತದೆ, ಅದು ಹೊರಗೆ ಉಳಿಯುತ್ತದೆ. ವಾಕ್ಯದೊಳಗಾದರೆ ಬಿಡಿಸಿ ಹೇಳಿ ಪಾರಾಗಬಹುದು. ಶೀರ್ಷಿಕೆಗೆ ಒಂದು ನಾಮಪದ ಬೇಕೇ ಬೇಕು.

ಕೊಸರಿಗೆ ಇನ್ನೊಂದು. ಕೊಯ್ಯುವಾಗ ಗರಗಸ ಪುಡಿ ಮಾಡುವ, ಲೇಸರ್ ಆದರೆ ಸುಟ್ಟುಹಾಕುವ ಆ ಕೂದಲೆಳೆಯಷ್ಟು ಅಗಲಕ್ಕೆ ಬಡಗಿಗಳು ಏನನ್ನುತ್ತಾರೆ? ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕಚ್ಚು ಸಡಿಲವಾಗುತ್ತದೆ. ಸದ್ಯಕ್ಕೆ 'ತಿನ್ನುವಷ್ಟು' ಅಂತ ಬರೆದುಕೊಂಡಿದ್ದೇನೆ. ಮರಗೆಲಸದ ಮನೆಯವರು ಯಾರಾದರೂ ಇದ್ದರೆ, ಕರಾವಳಿಯವರಾಗಲಿ ಬೆಳಗಾವಿ ಕಡೆಯವರಾಗಲಿ, ನಿಮ್ಮಲ್ಲಿ ಆಡುವ ಪದವನ್ನು ಒಂದು ವಾಕ್ಯದಲ್ಲಿ ಬಳಸಿ ತಿಳಿಸಿ. ನಿಘಂಟಿನ ಅರ್ಥ ಬೇಡ, ಅದನ್ನು ನೋಡಿಯಾಗಿದೆ.